ನಗೆಯ ಕುಲಗೋತ್ರ

ಲೋಕದ ರುಚಿ ಬಗೆಬಗೆಯದೆಂದು ನಾವು ಸುಲಭವಾಗಿ ಒಪ್ಪಿಕೊಳ್ಳುತ್ತೇವೆ. ಊಟದಲ್ಲಿ, ಉಡುಗೆಯಲ್ಲಿ, ಸಂಗೀತದಲ್ಲಿ ಕೂಡ ಈ ಔದಾರ್ಯ ನಮಗೆ ಸಾಧ್ಯ. ನಗೆಯ ವಿಷಯ ಬಂದಾಗ ಮಾತ್ರ ಅದು ಉಳಿಯುವುದಿಲ್ಲ. ನಮಗೆ ನಗು ಬಾರದ ಮಾತಿಗೆ ಇನ್ನೊಬ್ಬನು ನಕ್ಕರೆ ಅವನ ಬುದ್ಧಿಯ ಮೇಲೆಯೇ ನಮಗೆ ಸಂದೇಹ ಹುಟ್ಟುತ್ತದೆ.

ಅಮೆರಿಕದ ಟೆಲಿವಿಷನ್ನಿನಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಅಲ್ಲಿ ಮನೆಮಂದಿ ಮಲಗುವ ಹೊತ್ತಿಗೆ ಹರಟೆಯ ಕಾರ್ಯಕ್ರಮ ತೊಡಗುತ್ತದೆ. ನಿರೂಪಕನು ಮೊದಲು ನಿಂತು, ಆ ದಿನದ ಸುದ್ದಿಯನ್ನು ಹಿಡಿದು ಕೆಲವು ನಿಮಿಷ ವಿನೋದದ ಮಾತಾಡುತ್ತಾನೆ. ಬಳಿಕ ಮೇಜಿನ ಹಿಂದೆ ಕುಳಿತು ಅತಿಥಿಗಳೊಡನೆ ಹರಟುತ್ತಾನೆ. 1954ರಲ್ಲಿ ಆರಂಭವಾದ 'ಟುನೈಟ್ ಷೋ'ವನ್ನು ಜಾನಿ ಕಾರ್ಸನ್ 1962ರಿಂದ 1992ರವರೆಗೆ ನಡೆಸಿದನು. ಅವನು ನಿವೃತ್ತನಾದಾಗ ಆ ಪೀಠ ಜೇ ಲೆನೊವಿಗೆ ದೊರೆಯಿತು. ಅದನ್ನು ಬಯಸಿದ್ದ ಡೇವಿಡ್ ಲೆಟರ್‌ಮನ್ 1993ರಲ್ಲಿ ಬೇರೊಂದು ಸಂಸ್ಥೆಗೆ ಹೋಗಿ, ಅದೇ ಹೊತ್ತಿಗೆ ಎದುರು ಕಾರ್ಯಕ್ರಮ ಹೂಡಿದನು. ಪ್ರೇಕ್ಷಕರು ಎರಡು ಪಂಗಡವಾದರು.

ಲೆನೊವಿನದು ಎಲ್ಲರಿಗೂ ತಿಳಿಯುವ ಹಾಸ್ಯ. ಪತ್ರಿಕೆಗಳ ಅಚ್ಚಿನ ತಪ್ಪುಗಳನ್ನು ಆಯ್ದು ತೋರಿಸಿ ನಗಿಸುತ್ತಿದ್ದನು. ಲೆಟರ್‌ಮನ್ನನದು ವಕ್ರದೃಷ್ಟಿ. ಎತ್ತರದಿಂದ ಕಲ್ಲಂಗಡಿ ಹಣ್ಣುಗಳನ್ನು ಕೆಳಗೆ ಬೀಳಿಸಿ, ಹಾಸ್ಯದ ಕಾರ್ಯಕ್ರಮವೆಂಬುದನ್ನೇ ಹಾಸ್ಯಮಾಡುತ್ತಿದ್ದನು. ಹೆಚ್ಚಿನ ವರ್ಷಗಳಲ್ಲಿ ಜನಸಂಖ್ಯೆ ಲೆನೊವಿನ ಕಡೆಗಿತ್ತು. ವಿಮರ್ಶಕರ ಒಲವು ಬಹುಮಟ್ಟಿಗೆ ಲೆಟರ್‌ಮನ್ನನ ಕಡೆಗಿತ್ತು.

ನಾನೂ ಲೆಟರ್‌ಮನ್ನನ ಪಂಗಡದವನೇ. ಇಂದು ಈ ಹಳೆಯ ಕಾರ್ಯಕ್ರಮಗಳ ತುಣುಕುಗಳು ನಮ್ಮ ವಿದ್ಯಾರ್ಥಿಗಳ ಅಂಗೈಯ ಫೋನಿನಲ್ಲಿಯೇ ದೊರೆಯುತ್ತವೆ. ಒಮ್ಮೆ ವಿದ್ಯಾರ್ಥಿಯೊಬ್ಬನು ಲೆನೊವಿನ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದುದನ್ನು ಕಂಡು, "ಇದಕ್ಕೂ ನಗು ಬರುತ್ತದೆಯೇನಪ್ಪಾ?" ಎಂದು ಕೇಳಿದೆ. ಸುತ್ತಲಿದ್ದವರು ನಕ್ಕರು. ಅವನು ನಗು ನಿಲ್ಲಿಸಿದನು. ಆಮೇಲೆ ನನ್ನೆದುರು ಅವನು ನಕ್ಕದ್ದನ್ನು ನಾನು ಕಾಣೆ.

ಭರತನು ನಗೆಯಲ್ಲಿ ಆರು ಬಗೆ ಹೇಳಿದ್ದಾನೆ: ಸ್ಮಿತ ಹಸಿತಗಳು ಉತ್ತಮರಿಗೆ, ವಿಹಸಿತ ಉಪಹಸಿತಗಳು ಮಧ್ಯಮರಿಗೆ, ಅಪಹಸಿತ ಅತಿಹಸಿತಗಳು ಅಧಮರಿಗೆ. ಇದನ್ನು ವರ್ಷವರ್ಷವೂ ಪಾಠ ಹೇಳುವ ನನಗೆ ಈ ಏಣಿ ಆ ದಿನ ಬಹಳ ಅನುಕೂಲವಾಗಿ ಕಂಡಿತು. ಆದರೆ ಯಾವ ಪಾತ್ರ ಹೇಗೆ ನಗಬೇಕೆಂದು ಭರತನು ನಟನಿಗೆ ಹೇಳಿದನೇ ಹೊರತು, ಯಾವ ಮಾತಿಗೆ ನಗಬೇಕೆಂದು ಪ್ರೇಕ್ಷಕನಿಗೆ ವಿಧಿಸಲಿಲ್ಲ.

ಇನ್ನು, ಈ ಪಂಗಡಗಳ ಗೋಡೆಯಾದರೂ ಎಷ್ಟು ಗಟ್ಟಿ? ಕಾರ್ಸನ್ 2005ರ ಜನವರಿಯಲ್ಲಿ ತೀರಿಕೊಂಡನು. ನಿವೃತ್ತಿಯಲ್ಲಿದ್ದಾಗ ಅವನು ತಾನು ಬರೆದ ವಿನೋದದ ಮಾತುಗಳನ್ನು ಲೆಟರ್‌ಮನ್ನನಿಗೆ ಕಳುಹಿಸುತ್ತಿದ್ದನು. ಅವನು ಸತ್ತ ಬಳಿಕ ಲೆಟರ್‌ಮನ್ ತನ್ನ ಮೊದಲ ಕಾರ್ಯಕ್ರಮವನ್ನು ಆ ಮಾತುಗಳಿಂದಲೇ ಆರಂಭಿಸಿ, ಸಭೆ ನಕ್ಕಾದ ಮೇಲೆ ಅವು ಯಾರವೆಂದು ತಿಳಿಸಿದನು. ಹಳೆಯ ತಲೆಮಾರಿನ ಮಾತು ಹೊಸ ಬಾಯಿಂದ ಬಂದಿತ್ತು. ನಗುವಾಗ ಯಾರೂ ಅದರ ಕುಲಗೋತ್ರ ಕೇಳಿರಲಿಲ್ಲ.

ಹಾಗಾದರೆ ನಗೆಗೆ ಒರೆಗಲ್ಲೇ ಬೇಡವೆ? ಬೇಕು. ಆದರೆ ಅದು ಸೂಕ್ಷ್ಮ, ಸ್ಥೂಲ ಎಂಬುದಲ್ಲ. ನಗೆಯ ಪೆಟ್ಟು ಯಾರ ಮೇಲೆ ಬೀಳುತ್ತದೆ ಎಂಬುದು. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ನನ ಹಗರಣ ಹೊರಬಿದ್ದಾಗ ಮೋನಿಕಾ ಲೆವಿನ್ಸ್ಕಿ ಎಂಬ ತರುಣಿಯನ್ನು ಲೆನೊ ಗೇಲಿ ಮಾಡಿದನು; ಲೆಟರ್‌ಮನ್ನನೂ ಮಾಡಿದನು. ವರ್ಷಗಳು ಕಳೆದ ಮೇಲೆ ಲೆಟರ್‌ಮನ್ ಅದಕ್ಕಾಗಿ ವಿಷಾದಪಟ್ಟನು. ಅವನ ಸೂಕ್ಷ್ಮ ಅಭಿರುಚಿ ಆಗ ಅವನನ್ನು ತಡೆಯಲಿಲ್ಲ.

ನನ್ನನ್ನೂ ತಡೆಯಲಿಲ್ಲ. ಆ ದಿನ ಹುಡುಗನು ನಕ್ಕದ್ದು ಅಚ್ಚಿನ ತಪ್ಪೊಂದಕ್ಕೆ; ಅದರಿಂದ ಯಾರಿಗೂ ನೋವಿರಲಿಲ್ಲ. ನಾನು ನಗಿಸಿದ್ದು ಅವನನ್ನು ನೋಯಿಸಿ. ಭರತನ ಏಣಿಯಲ್ಲಿ ಕೆಳಗಿನ ಮೆಟ್ಟಿಲಿನ ಮೇಲೆ ಯಾರು ನಿಂತಿದ್ದರೆಂಬುದನ್ನು ಓದುಗರೇ ಹೇಳಬೇಕು.