ನಿಮ್ಮ ಬೆಳಕು, ಎದುರಿನವರ ಕತ್ತಲೆ

ಕಳೆದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ನನ್ನ ಕಣ್ಣಿನ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು ಅರವತ್ತೆರಡು. ಎಡ ಮೊಣಕೈಗೆ ಪಟ್ಟಿ, ಕೆನ್ನೆಯ ಮೇಲೆ ತರಚು ಗಾಯ. ಹಿಂದಿನ ವಾರ ಮದುವೆಯ ಆರತಕ್ಷತೆ ಮುಗಿಸಿಕೊಂಡು ರಾತ್ರಿ ಒಂಬತ್ತರ ಹೊತ್ತಿಗೆ ಸ್ಕೂಟರಿನಲ್ಲಿ ಊರಿಗೆ ಮರಳುತ್ತಿದ್ದರಂತೆ. ಎದುರಿನಿಂದ ಬಂದ ಕಾರಿನ ಬೆಳಕಿಗೆ ಏನೂ ಕಾಣದಾಗಿ, ಸ್ಕೂಟರು ಮೋರಿಯ ಪಕ್ಕದ ಹಳ್ಳಕ್ಕೆ ಇಳಿದಿತ್ತು. ಕಾರು ನಿಲ್ಲಲಿಲ್ಲ. ಅದರಲ್ಲಿದ್ದವರಿಗೆ ಇವರು ಬಿದ್ದದ್ದು ತಿಳಿದಿರಲಿಕ್ಕೂ ಇಲ್ಲ.

“ಕನ್ನಡಕದ ನಂಬರು ಬದಲಾಗಿರಬೇಕು, ನೋಡಿ ಡಾಕ್ಟ್ರೇ” ಎಂದರು. ನೋಡಿದೆ. ನಂಬರು ಬದಲಾಗಿರಲಿಲ್ಲ. ಗೋಡೆಯ ಮೇಲಿನ ಅಕ್ಷರ ಫಲಕವನ್ನು ಸಲೀಸಾಗಿ ಓದಿದರು. ಎರಡೂ ಕಣ್ಣಿನಲ್ಲಿ ಪೊರೆ ಈಗಷ್ಟೇ ಕಾಣಿಸಿಕೊಂಡಿತ್ತು. ಆ ವಯಸ್ಸಿಗೆ ಅದು ಸಹಜ. ಹಾಗೆಂದು ಹೇಳಿದಾಗ ಮೇಷ್ಟ್ರು ನಕ್ಕರು. “ಹಾಗಾದರೆ ಔಷಧಿ ಬೇಕಾಗಿರುವುದು ನನಗಲ್ಲ, ಎದುರಿನ ಕಾರಿನವರಿಗೆ. ಅವರಿಗೊಂದು ಚೀಟಿ ಬರೆದುಕೊಡಿ” ಎಂದರು.

ಈ ವಾರದ ಅಂಕಣವನ್ನು ಆ ಚೀಟಿಯೆಂದೇ ತಿಳಿಯಿರಿ.

ಕಣ್ಣಿನೊಳಗೆ ಏನಾಗುತ್ತದೆ?

ಕಣ್ಣಿನ ಹಿಂಭಾಗದ ಅಕ್ಷಿಪಟಲ, ಅಂದರೆ ರೆಟಿನಾದಲ್ಲಿ, ಬೆಳಕನ್ನು ಗ್ರಹಿಸುವ ಎರಡು ಬಗೆಯ ಜೀವಕೋಶಗಳಿವೆ. ಶಂಕುವಿನ ಆಕಾರದ ಕೋಶಗಳು ಸುಮಾರು 60 ಲಕ್ಷ. ಹಗಲಿನಲ್ಲಿ ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ತೋರಿಸುವುದು ಇವುಗಳ ಕೆಲಸ. ದಂಡದ ಆಕಾರದ ಕೋಶಗಳು ಸುಮಾರು 12 ಕೋಟಿ. ಮಂದ ಬೆಳಕಿನಲ್ಲಿ ನಮ್ಮನ್ನು ಕಾಯುವುದು ಇವು. ಈ ದಂಡಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯವಿದೆ. ಇದರ ತಯಾರಿಕೆಗೆ ‘ಎ’ ಜೀವಸತ್ವ ಬೇಕು. ಅದರ ಕೊರತೆಯಾದರೆ ಇರುಳುಗುರುಡು ಬರುವುದು ಇದೇ ಕಾರಣಕ್ಕೆ. ಬೆಳಕು ಬಿದ್ದೊಡನೆ ಈ ದ್ರವ್ಯ ಒಡೆಯುತ್ತದೆ. ಕತ್ತಲೆಯಲ್ಲಿ ಮತ್ತೆ ನಿಧಾನವಾಗಿ ಕೂಡಿಕೊಳ್ಳುತ್ತದೆ.

ಮ್ಯಾಟಿನಿ ಆಟಕ್ಕೆ ತಡವಾಗಿ ಹೋಗಿ ಕುರ್ಚಿಗಾಗಿ ತಡಕಾಡಿದ್ದು ನಿಮಗೆ ನೆನಪಿರಬಹುದು. ಸ್ವಲ್ಪ ಹೊತ್ತಿನ ಬಳಿಕ ಪಕ್ಕದವರ ಮುಖ ಕಾಣತೊಡಗುತ್ತದೆ. ಕಣ್ಣು ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಬೆಳಕಿಗೆ ಹೊಂದಿಕೊಳ್ಳಲು ಮಾತ್ರ ಕೆಲವೇ ಕ್ಷಣ ಸಾಕು. ಅಂದರೆ ನೀವು ಅರ್ಧ ಗಂಟೆಯಲ್ಲಿ ಗಳಿಸಿದ್ದನ್ನು ಎದುರಿನ ದೀಪ ಕ್ಷಣಮಾತ್ರದಲ್ಲಿ ಕಸಿದುಕೊಳ್ಳುತ್ತದೆ.

ಇಷ್ಟೇ ಅಲ್ಲ. ತೀಕ್ಷ್ಣವಾದ ಬೆಳಕು ಕಣ್ಣಿನೊಳಗೆ ಬರುವಾಗ ಅದರ ಒಂದು ಭಾಗ ಕಣ್ಣಿನ ಮಸೂರದಲ್ಲಿ ಚದುರಿ, ಅಕ್ಷಿಪಟಲದ ಮೇಲೆಲ್ಲ ತೆಳುವಾದ ಬಿಳಿ ಪರದೆಯಂತೆ ಹರಡುತ್ತದೆ. ಆ ಪರದೆಯ ಹಿಂದೆ ರಸ್ತೆಯ ಅಂಚು, ನಡೆದುಹೋಗುವವರು, ಸೈಕಲ್ಲು, ಹಿಂದೀಪವಿಲ್ಲದೆ ನಿಂತ ಟ್ರ್ಯಾಕ್ಟರು ಎಲ್ಲವೂ ಅಳಿಸಿಹೋಗುತ್ತವೆ. ಕಾರು ದಾಟಿದ ಮೇಲೂ ಕೆಲವು ಸೆಕೆಂಡು ಕಣ್ಣಿನ ಮುಂದೆ ಬೆಳಕಿನ ಮಚ್ಚೆ ತೇಲುತ್ತಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡು ಕಾಣದಿದ್ದರೆ 65 ಮೀಟರಿಗೂ ಹೆಚ್ಚು ದೂರ ಕಣ್ಣು ಮುಚ್ಚಿಕೊಂಡು ಓಡಿಸಿದಂತೆಯೇ ಸರಿ.

ವಯಸ್ಸಾದಂತೆ ಈ ತೊಂದರೆ ಹೆಚ್ಚುತ್ತದೆ. ಕಣ್ಣಿನ ಪಾಪೆ ಕತ್ತಲೆಯಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ. ಮಸೂರ ಹಳದಿಗಟ್ಟುತ್ತದೆ. ಅರವತ್ತರ ವಯಸ್ಸಿನವರ ಅಕ್ಷಿಪಟಲಕ್ಕೆ ತಲಪುವ ಬೆಳಕು, ಇಪ್ಪತ್ತರ ಹರೆಯದವರಿಗೆ ತಲಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಪೊರೆ ಬರತೊಡಗಿದರೆ ಬೆಳಕು ಇನ್ನಷ್ಟು ಚದುರುತ್ತದೆ. ಕೋಣೆಯಲ್ಲಿ ಕುಳಿತು ಅಕ್ಷರ ಓದಿಸುವ ನಮ್ಮ ಪರೀಕ್ಷೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಮೇಷ್ಟ್ರ ಕಣ್ಣು ನನ್ನ ಫಲಕದ ಮುಂದೆ ಪಾಸಾಗಿ ಮೋರಿಯ ಬಳಿ ನಪಾಸಾದದ್ದು ಹೀಗೆ.

ನನ್ನದೂ ಒಂದು ತಪ್ಪೊಪ್ಪಿಗೆ

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನ ಮಾತನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ನನ್ನ ಹಳೆಯ ಕಾರಿನ ದೀಪ ಮಂಕಾಗಿದೆ ಎನ್ನಿಸಿತು. ಕಾರಿನ ಅಲಂಕಾರದ ಸಾಮಾನು ಮಾರುವ ಅಂಗಡಿಗೆ ಹೋದೆ. ಹಳೆಯ ಬಲ್ಬು ತೆಗೆದು ಎಲ್‌ಇಡಿ ಬಲ್ಬು ಹಾಕಲು ಹುಡುಗನಿಗೆ ಕಾಲು ಗಂಟೆಯೂ ಬೇಕಾಗಲಿಲ್ಲ. ಅಂದು ರಾತ್ರಿ ರಸ್ತೆ ಹಗಲಿನಂತೆ ಕಂಡಿತು. ಖುಷಿಯಾಯಿತು. ಎದುರಿನವರು ಮತ್ತೆ ಮತ್ತೆ ದೀಪ ಮಿನುಗಿಸುತ್ತಿದ್ದುದನ್ನು ನಾನು ಅವರ ಒರಟುತನವೆಂದು ತಿಳಿದೆ.

ಮೇಷ್ಟ್ರು ಬಂದುಹೋದ ಸಂಜೆ ಕಾರನ್ನು ಕಾಂಪೌಂಡ್ ಗೋಡೆಯಿಂದ ಹದಿನೈದು ಹೆಜ್ಜೆ ದೂರ ನಿಲ್ಲಿಸಿ, ದೀಪ ಡಿಮ್ ಮಾಡಿ ನೋಡಿದೆ. ಸರಿಯಾದ ದೀಪವಾದರೆ ಗೋಡೆಯ ಮೇಲೆ ಬೆಳಕಿಗೂ ಕತ್ತಲೆಗೂ ನಡುವೆ ಸ್ಪಷ್ಟವಾದ ಗೆರೆ ಕಾಣಬೇಕು. ನಾವು ಎಡಗಡೆ ಓಡಿಸುವವರಾದ್ದರಿಂದ, ಪಾದಚಾರಿಗಳು ಕಾಣಲೆಂದು ಆ ಗೆರೆ ಎಡಕ್ಕೆ ತುಸು ಏರಿರುತ್ತದೆ. ಎದುರಿನವರು ಬರುವ ಬಲಗಡೆ ತಗ್ಗಿರುತ್ತದೆ. ನನ್ನ ಗೋಡೆಯ ಮೇಲೆ ಗೆರೆಯೇ ಇರಲಿಲ್ಲ. ಗೋಡೆಯನ್ನು ದಾಟಿ ಆಚೆಯ ತೆಂಗಿನಮರದ ಗರಿಯವರೆಗೆ ಬೆಳಕು ಚೆಲ್ಲಾಡಿತ್ತು.

ಮೇಷ್ಟ್ರನ್ನು ಬೀಳಿಸಿದ ಕಾರು ನನ್ನದಲ್ಲ. ಆದರೆ ಎರಡು ವರ್ಷ ನಾನು ಓಡಾಡಿದ ರಸ್ತೆಗಳಲ್ಲಿ ಎಷ್ಟು ಮಂದಿ ಮೇಷ್ಟ್ರುಗಳು ಹಳ್ಳಕ್ಕೆ ಇಳಿದರೋ ನನಗೆ ತಿಳಿಯುವಂತಿಲ್ಲ. ಕಣ್ಣಿಗೆ ಚಿಕಿತ್ಸೆ ಕೊಡುವ ವೈದ್ಯನೇ ಹೀಗೆ ಮಾಡಿದ ಮೇಲೆ ಉಳಿದವರನ್ನು ದೂರುವುದು ಹೇಗೆ?

ಬಲ್ಬು ಬದಲಿಸಿದರೆ ಸಾಲದು

ತಪ್ಪು ಎಲ್‌ಇಡಿಯದಲ್ಲ. ಕಾರ್ಖಾನೆಯಲ್ಲೇ ಎಲ್‌ಇಡಿಗೆಂದು ರೂಪಿಸಿದ ದೀಪದಲ್ಲಿ ಅದಕ್ಕೆ ತಕ್ಕ ಮಸೂರ, ಪ್ರತಿಫಲಕ ಇರುತ್ತವೆ. ಹಳೆಯ ಮಾದರಿಯ ಹ್ಯಾಲೋಜೆನ್ ದೀಪದ ಕಥೆ ಬೇರೆ. ಸಾಮಾನ್ಯವಾದ ಎಚ್4 ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ: ಹೈಬೀಮಿಗೆ 60 ವಾಟ್, ಡಿಮ್‌ಗೆ 55 ವಾಟ್. ಡಿಮ್ ತಂತಿಯ ಕೆಳಗೆ ಚಿಕ್ಕದೊಂದು ಲೋಹದ ಬಟ್ಟಲಿದ್ದು, ಮೇಲಕ್ಕೆ ಹೋಗಬಹುದಾದ ಬೆಳಕನ್ನು ತಡೆಯುತ್ತದೆ. ಪ್ರತಿಫಲಕದ ಬಾಗನ್ನು ಆ ತಂತಿ ಇರುವ ಜಾಗಕ್ಕೆ ಲೆಕ್ಕಹಾಕಿಯೇ ಮಾಡಿರುತ್ತಾರೆ. ಬೆಳಕಿನ ಮೂಲ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಲೆಕ್ಕ ತಪ್ಪಿ ಬೆಳಕು ಎಲ್ಲೆಡೆ ಚೆಲ್ಲುತ್ತದೆ. ನೀಲಿ ಮಿಶ್ರಿತ ಬಿಳಿ ಬೆಳಕಾದರಂತೂ, ಅಷ್ಟೇ ಪ್ರಮಾಣದ ಹಳದಿ ಬೆಳಕಿಗಿಂತ ಕಣ್ಣಿಗೆ ಹೆಚ್ಚು ಹಿಂಸೆ.

ಕೆಲವರು 100/90 ವಾಟಿನ ಬಲ್ಬು ಹಾಕಿಸುತ್ತಾರೆ. 60 ವಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ವಿದ್ಯುತ್ ಎಳೆದರೆ, 100 ವಾಟಿನದು 8 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ವೈರು, ಹೋಲ್ಡರು, ಸ್ವಿಚ್ಚು ಬಿಸಿಯಾಗಿ ಕರಗಬಹುದು. ಪ್ರತಿಫಲಕ ಸುಟ್ಟು ಮಂಕಾಗುತ್ತದೆ. ಕೊನೆಗೆ ಬೆಳಕೂ ಹೋಗುತ್ತದೆ, ಹಣವೂ ಹೋಗುತ್ತದೆ.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. ಮುಂದೀಪದ ಬೆಳಕು ಸದಾ ಕೆಳಮುಖವಾಗಿರಬೇಕು, 8 ಮೀಟರ್ ದೂರದಲ್ಲಿ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸಬಾರದು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದರೆ 2019ರ ತಿದ್ದುಪಡಿಯ ಪ್ರಕಾರ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. 2024ರ ಜುಲೈನಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದರು. ಒಳ್ಳೆಯ ಕೆಲಸವೇ. ಆದರೆ ದಂಡ ಕಟ್ಟಿದವನು ಅದೇ ಬಲ್ಬಿನೊಂದಿಗೆ ಮನೆಗೆ ಹೋದರೆ ಏನು ಬಂತು? ಈ ಬಲ್ಬುಗಳು ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿರುವಾಗ ರಸ್ತೆಯಲ್ಲಿ ಮಾತ್ರ ತಪಾಸಣೆ ಮಾಡಿದರೆ ಸಾಲದೆಂಬುದು ನನ್ನ ಅಭಿಪ್ರಾಯ. ಮಾರುವವರನ್ನೂ ಪ್ರಶ್ನಿಸಬೇಕು.

ಹಾಗಾದರೆ ಏನು ಮಾಡಬೇಕು?

ನಿಮ್ಮ ದೀಪ ಮಂಕಾಗಿದ್ದರೆ ಮೊದಲು ಖರ್ಚಿಲ್ಲದ ಕೆಲಸಗಳನ್ನು ಮಾಡಿ. ಮುಂಗಾಜನ್ನು ಹೊರಗೂ ಒಳಗೂ ಒರೆಸಿ. ಒಳಗಿನ ಜಿಡ್ಡು ಎದುರಿನ ಬೆಳಕನ್ನು ಎಷ್ಟು ಚದುರಿಸುತ್ತದೆಂಬುದು ಒರೆಸಿದ ಮೇಲೇ ತಿಳಿಯುವುದು. ಕನ್ನಡಕವನ್ನೂ ಮರೆಯಬೇಡಿ. ದೀಪದ ಪ್ಲಾಸ್ಟಿಕ್ ಹೊದಿಕೆ ಬಿಸಿಲಿಗೆ ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ. ಹ್ಯಾಲೋಜೆನ್ ಬಲ್ಬು ಹಳೆಯದಾದಂತೆ ಮಂಕಾಗುತ್ತದೆ. ಅದೇ ವಾಟಿನ ಹೊಸ ಬಲ್ಬನ್ನು ಎರಡೂ ಕಡೆ ಒಟ್ಟಿಗೇ ಹಾಕಿಸಿ. ಆಮೇಲೆ ದೀಪದ ಕೋನ ಸರಿಮಾಡಿಸಿ. ಹಿಂದೆ ಜನ, ಡಿಕ್ಕಿಯಲ್ಲಿ ಸಾಮಾನು ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಬೆಳಕೂ ಏರುತ್ತದೆ. ಬಹಳಷ್ಟು ಕಾರುಗಳಲ್ಲಿ ದೀಪವನ್ನು ತಗ್ಗಿಸುವ ಚಿಕ್ಕ ತಿರುಗಣೆಯೊಂದು ಡ್ಯಾಶ್‌ಬೋರ್ಡಿನ ಮೇಲಿರುತ್ತದೆ. ನಿಮ್ಮ ಕಾರಿನಲ್ಲಿದೆಯೇ, ಇಂದೇ ಹುಡುಕಿ.

ರಸ್ತೆಯಲ್ಲಿ ಎದುರಿನಿಂದ ವಾಹನ ಕಂಡೊಡನೆ, ಅವರು ಕೇಳುವ ಮೊದಲೇ, ಡಿಮ್ ಮಾಡಿ. ಮುಂದಿನ ವಾಹನದ ಬೆನ್ನಿಗೆ ಹೋಗುವಾಗಲೂ ಹಾಗೆಯೇ. ಅವರ ಕನ್ನಡಿಯಲ್ಲಿ ನಿಮ್ಮ ದೀಪ ಉರಿಯುತ್ತಿರುತ್ತದೆ. ತಿರುವಿಗೆ ಬರುವ ಮುಂಚೆಯೇ ಡಿಮ್ ಮಾಡಿ. ಸೈಕಲ್ಲಿನವರು, ನಡೆಯುವವರು ನಿಮಗೆ ದೀಪ ಮಿನುಗಿಸಿ ಹೇಳಲಾರರು, ಅವರಿಗೂ ಕಣ್ಣಿದೆ. ಬೀದಿದೀಪವಿರುವ ಊರೊಳಗೆ ಹೈಬೀಮಿನ ಅಗತ್ಯವೇ ಇಲ್ಲ. ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟ ಕಣಗಿಲೆ ಗಿಡಗಳು ಬರೀ ಅಂದಕ್ಕಲ್ಲ, ಎದುರಿನ ಬೆಳಕನ್ನು ಮರೆಮಾಡಲೂ ಅವು ಇವೆ. ಅಂಥ ಗಿಡವಿಲ್ಲದ ರಸ್ತೆಗಳೇ ನಮ್ಮಲ್ಲಿ ಹೆಚ್ಚು. ಅಲ್ಲಿ ಗಿಡದ ಕೆಲಸ ನಿಮ್ಮ ಬೆರಳು ಮಾಡಬೇಕು.

ದ್ವಿಚಕ್ರ ವಾಹನದವರಿಗೊಂದು ಮಾತು. 2017ರ ಏಪ್ರಿಲ್‌ನಿಂದ ಬಂದ ಹೊಸ ಗಾಡಿಗಳಲ್ಲಿ ಮುಂದೀಪ ಸದಾ ಉರಿಯುತ್ತದೆ. ಆದ್ದರಿಂದ ಅದು ಹೈಬೀಮಿನಲ್ಲಿರುವುದು ಎಷ್ಟೋ ಜನರಿಗೆ ತಿಳಿಯುವುದಿಲ್ಲ. ಮೀಟರಿನಲ್ಲಿ ನೀಲಿ ಚುಕ್ಕೆ ಹೊತ್ತಿದ್ದರೆ ಹೈಬೀಮ್ ಎಂದರ್ಥ.

“ಡಿಮ್‌ನಲ್ಲಿ ನನಗೆ ದೂರ ಕಾಣುವುದಿಲ್ಲವಲ್ಲ?” ಎಂದು ನೀವು ಕೇಳಬಹುದು. ನಿಜ, ಕಾಣುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು, ಅಪಾಯ ಕಂಡ ಮೇಲೆ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲೂ ಸುಮಾರು 70 ಮೀಟರ್ ಬೇಕು. ಡಿಮ್ ದೀಪದಲ್ಲಿ ಕಪ್ಪು ಬಟ್ಟೆ ತೊಟ್ಟವರು ಅಷ್ಟು ದೂರದಿಂದ ಕಾಣುವುದು ಕಷ್ಟ. ಇದಕ್ಕೆ ಪರಿಹಾರ ವೇಗ ತಗ್ಗಿಸುವುದೇ ಹೊರತು ಎದುರಿನವರನ್ನು ಕುರುಡಾಗಿಸುವುದಲ್ಲ.

ಎದುರಿನವರು ಡಿಮ್ ಮಾಡದಿದ್ದರೆ?

ಒಮ್ಮೆ ಮಿನುಗಿಸಿ ನೆನಪಿಸಿ. ಆಗಲೂ ಮಾಡದಿದ್ದರೆ ಸೇಡಿಗಾಗಿ ಹೈಬೀಮ್ ಹಾಕಬೇಡಿ. ಒಬ್ಬ ಕುರುಡನಾದರೆ ಸಾಲದೆಂದು ಇಬ್ಬರು ಕುರುಡರು ಎದುರುಬದುರಾಗಿ ಓಡಿಸಿದಂತಾಗುತ್ತದೆ. ದೀಪವನ್ನು ದಿಟ್ಟಿಸಬೇಡಿ. ರಸ್ತೆಯ ಎಡ ಅಂಚಿನ ಬಿಳಿ ಗೆರೆಯತ್ತ ನೋಟವಿಟ್ಟು ನಿಧಾನಿಸಿ. ಏನೂ ಕಾಣದಿದ್ದರೆ ಅಂಚಿಗೆ ಬಂದು ನಿಂತುಬಿಡಿ. ರಾತ್ರಿ ತಂಪು ಕನ್ನಡಕ ಹಾಕುವುದು ಅಪಾಯಕರ. ರಾತ್ರಿ ಚಾಲನೆಗೆಂದು ಮಾರುವ ಹಳದಿ ಕನ್ನಡಕವೂ ಪ್ರಯೋಜನವಿಲ್ಲ. ಅದನ್ನು ಹಾಕಿದವರಿಗೆ ಎದುರಿನ ಬೆಳಕಿನಲ್ಲಿ ಪಾದಚಾರಿಗಳು ಹೆಚ್ಚು ಚೆನ್ನಾಗಿ ಕಾಣಲಿಲ್ಲವೆಂದು ಅಮೆರಿಕದ ಬೋಸ್ಟನ್ನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ.

ಎದುರಿನ ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ, ಕಣ್ಣು ಸುಧಾರಿಸಿಕೊಳ್ಳಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸಿ. ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾದ ರೆಟಿನಾದ ತೊಂದರೆ ಯಾವುದೂ ಇರಬಹುದು. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಕಣ್ಣು ತೋರಿಸುವುದು ಒಳಿತು. ‘ಅಕ್ಷರ ಚೆನ್ನಾಗಿ ಕಾಣುತ್ತದೆ’ ಎಂದು ಸುಮ್ಮನಿರಬೇಡಿ. ‘ರಾತ್ರಿ ಗಾಡಿ ಓಡಿಸುವಾಗ ಕಷ್ಟ’ ಎಂಬುದನ್ನು ಬಾಯಿಬಿಟ್ಟು ಹೇಳಿ.

ಮೇಷ್ಟ್ರು ಈಗ ರಾತ್ರಿ ಸ್ಕೂಟರು ತೆಗೆಯುವುದಿಲ್ಲ, ಬಸ್ಸಿನಲ್ಲಿ ಹೋಗುತ್ತಾರೆ. ಆರು ತಿಂಗಳ ಬಳಿಕ ಪೊರೆಯನ್ನು ಮತ್ತೆ ನೋಡಬೇಕು. ಬೆಳಕಿನ ಬಾಧೆ ಹೆಚ್ಚಾದರೆ ಶಸ್ತ್ರಚಿಕಿತ್ಸೆಗೆ ಪೊರೆ ಬಲಿಯುವವರೆಗೆ ಕಾಯಬೇಕಿಲ್ಲ. ನಾನು ನನ್ನ ಕಾರಿಗೆ ಹಳೆಯ ಮಾದರಿಯ 60/55 ವಾಟಿನ ಬಲ್ಬನ್ನೇ ಮತ್ತೆ ಹಾಕಿಸಿದ್ದೇನೆ. ಮೊದಲ ಎರಡು ದಿನ ರಸ್ತೆ ಮಂಕಾಗಿ ಕಂಡಿತು. ಆಮೇಲೆ ಕಣ್ಣು ಒಗ್ಗಿತು. ಈಗ ಎದುರಿನವರು ಯಾರೂ ನನಗೆ ದೀಪ ಮಿನುಗಿಸುತ್ತಿಲ್ಲ.

ಇಂದು ಸಂಜೆ ನೀವೂ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ, ದೀಪ ಹೊತ್ತಿಸಿ, ಇಳಿದು ಮುಂದೆ ಬಂದು ನೋಡಿ. ಎದುರಿನವರು ದಿನವೂ ನೋಡುತ್ತಿರುವುದನ್ನು ನೀವು ಒಮ್ಮೆ ನೋಡಿದಂತಾಗುತ್ತದೆ.