ರೂಟರ್‌ಗಳ ಲೆಕ್ಕ ಊರಿಗೂ ಕಾಣಲಿ

ಸಚಿವಾಲಯ, ವಿಧಾನಸಭೆಗಳಿರುವ ಗೋವಾದ ಪರ್ವರಿಯಲ್ಲೂ ನೆಟ್ ಕೈಕೊಟ್ಟರೆ ದೋಷ ಎಲ್ಲಿದೆಯೆಂದು ಗ್ರಾಹಕನಿಗೆ ಕಾಣುವುದಿಲ್ಲ. ತುಮಕೂರು ಬಳಿಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಕಟ್ಟಿದಂಥ ಸಮುದಾಯ ಮೆಶ್ ಜಾಲದ ರೀತಿಯೇ ಬೇರೆ. ಅಲ್ಲಿ ಒಂದು ರೂಟರ್ ಇನ್ನೊಂದಕ್ಕೆ ಸಂದೇಶ ದಾಟಿಸುತ್ತದೆ. ಯಾವ ಕೊಂಡಿ ಗಟ್ಟಿ, ಯಾವುದು ಸಡಿಲ ಎಂದು ಅಳೆಯುತ್ತಲೂ ಇರುತ್ತದೆ. ಹೇಗೂ ಸಿಕ್ಕ ಈ ಲೆಕ್ಕವನ್ನು ಊರಿನ ಮುಂದಿಡಬೇಕು. ಇಂಥದೇ ಜಾಲ ಕಟ್ಟುವ ಜರ್ಮನಿಯ ಫ್ರೈಫಂಕ್ ಬಳಗಗಳು ಅದನ್ನು ನಕ್ಷೆಯಲ್ಲೇ ತೋರಿಸುತ್ತವೆ. ನಮ್ಮಲ್ಲೂ ಬೀದಿಯ ಕೊಂಡಿ ಸೊರಗಿದ್ದು ಕಂಡರೆ, ತೆಂಗಿನ ಗರಿ ಅಡ್ಡ ಬಂದಿದೆಯೆಂದು ಆ ಬೀದಿಯವರೇ ಹೇಳಬಲ್ಲರು.

ಖಾಸಗಿತನದ ಆಕ್ಷೇಪ ಹುರುಳಿಲ್ಲದ್ದಲ್ಲ; ತನಗೆ ಎಷ್ಟು ಫೋನು ಸೇರಿವೆ ಎಂಬುದೂ ರೂಟರಿನ ಲೆಕ್ಕದಲ್ಲಿರುತ್ತದೆ. ಒಂದು ಮನೆಯ ರೂಟರಿಗೆ ಮೂರು ದಿನ ಒಂದೂ ಫೋನು ಸೇರದಿದ್ದರೆ, ಮನೆ ಖಾಲಿಯೆಂದು ಕಳ್ಳನಿಗೂ ತಿಳಿಯುತ್ತದೆ. ಹಾಗಾಗಿ ಮನೆ ನಂಬರ್ ಕೈಬಿಡಿ, ಫೋನುಗಳ ಎಣಿಕೆಯನ್ನು ಬಡಾವಣೆವಾರು ಕೂಡಿಸಿ ಕೊಡಿ. ಕೊಂಡಿಯ ಸ್ಥಿತಿಯನ್ನು ಬಚ್ಚಿಡಬೇಡಿ.