ಗದ್ದೆಯಲ್ಲೊಂದು ರಂಗೋಲಿ



ಚುಕ್ಕಿ ರಂಗೋಲಿ ಹಾಕುವುದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಮೊದಲು ಚುಕ್ಕಿ, ಆಮೇಲೆ ಎಳೆ, ಕೊನೆಗೆ ಬಣ್ಣ. (ಹೊಸ್ತಿಲಿಗೆ ಸ್ಟಿಕ್ಕರ್ ಅಂಟಿಸಿ ಮುಗಿಸುವವರ ವಿಚಾರ ಇಲ್ಲಿ ಬೇಡ!) ಅದೇ ರಂಗೋಲಿಯನ್ನು ಮೂರೂವರೆ ಎಕರೆಗೂ ಮೀರಿದ ಗದ್ದೆಯಲ್ಲಿ, ಪುಡಿಯ ಬದಲು ಭತ್ತದ ಪೈರಿನಿಂದಲೇ ಬಿಡಿಸುವ ಜನರಿದ್ದಾರೆ. ಈ ಬಾರಿ ಅವರ ಕತೆ.

ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯಲ್ಲಿ ಅವೊಮೋರಿ ಎಂಬ ಪ್ರಾಂತ್ಯವಿದೆ. ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುವ, ಸೇಬಿಗೆ ಹೆಸರಾದ ಸೀಮೆ. ಅಲ್ಲಿನ ಇನಾಕದಾತೆ ಒಂದು ಪುಟ್ಟ ಹಳ್ಳಿ. ಜನಸಂಖ್ಯೆ ಏಳೆಂಟು ಸಾವಿರ, ಅಷ್ಟೆ. 1980ರ ದಶಕದ ಆರಂಭದಲ್ಲಿ ಅಲ್ಲಿ ನೆಲ ಅಗೆದಾಗ ಸುಮಾರು ಎರಡು ಸಾವಿರ ವರ್ಷ ಹಿಂದಿನ ಗದ್ದೆಗಳ ಬದುಗಳೇ ಸಿಕ್ಕವು. ಅಂದರೆ ಆ ಊರಿನವರು ಅಷ್ಟು ಕಾಲದಿಂದ ಭತ್ತ ಬೆಳೆಯುತ್ತಿದ್ದಾರೆ. ಆದರೆ ಹೆಮ್ಮೆಯೊಂದೇ ಹೊಟ್ಟೆ ತುಂಬಿಸುತ್ತದೆಯೆ? ಜಪಾನಿನಲ್ಲಿ ಅನ್ನ ತಿನ್ನುವುದು ಕಡಿಮೆಯಾಗುತ್ತ ಬಂತು, ಹಳ್ಳಿಯ ಹುಡುಗ ಹುಡುಗಿಯರು ಪಟ್ಟಣ ಸೇರಿದರು. ನಮ್ಮ ಊರುಗಳ ಕತೆಯೂ ಇದೇ ಅಲ್ಲವೆ? ನಿಮ್ಮ ತಂದೆ ತಾಯಿ ಈ ಊರಿಗೆ ಬಂದದ್ದಾದರೂ ಹೇಗೆ?

1993ರಲ್ಲಿ ಆ ಗ್ರಾಮ ಕಚೇರಿಯವರು ಊರಿಗೆ ನಾಲ್ಕು ಜನರನ್ನು ಕರೆತರಲು ಒಂದು ಉಪಾಯ ಮಾಡಿದರು. ಹೊರಗಿನವರನ್ನು ನಾಟಿಗೆ ಕರೆದು, ಮೂರು ಬಣ್ಣದ ಭತ್ತದಿಂದ ತಮ್ಮ ಇವಾಕಿ ಬೆಟ್ಟದ ಚಿತ್ರವನ್ನೂ ಊರಿನ ಹೆಸರನ್ನೂ ಗದ್ದೆಯಲ್ಲಿ ಮೂಡಿಸಿದರು. ಒಂಬತ್ತು ವರ್ಷ ಅದೇ ಬೆಟ್ಟ! ಬೇಸರವಿಲ್ಲದೆ ಅದನ್ನೇ ನೆಟ್ಟರು.

ಇಲ್ಲಿ ಬಣ್ಣ ಬಳಿಯುವುದಿಲ್ಲ ಎಂಬುದನ್ನು ಗಮನಿಸಿ. ಭತ್ತದಲ್ಲೇ ಎಲೆ ನೇರಳೆಯಾಗಿರುವ, ಹಳದಿಯಾಗಿರುವ, ಬೆಳ್ಳಗಿರುವ, ತೆನೆ ಕೆಂಪಾಗಿರುವ ಹಳೆಯ ಹೊಸ ತಳಿಗಳಿವೆ. ಹಸಿರು ಹಿನ್ನೆಲೆಗೆ ಊಟಕ್ಕೆಂದೇ ಬೆಳೆಯುವ ಭತ್ತ. ಈಗ ಏಳು ಬಣ್ಣದವರೆಗೂ ಬಂದಿದ್ದಾರೆ. ಜೂನ್ ಮೊದಲಿಗೆ ನಾಟಿ. ಸಾವಿರಕ್ಕೂ ಹೆಚ್ಚು ಜನ ಕೆಸರಿಗಿಳಿದು ಕೈಯಲ್ಲೇ ನೆಡುತ್ತಾರೆ. ಜುಲೈ ಮಧ್ಯದಿಂದ ಆಗಸ್ಟ್‌ವರೆಗೆ ಚಿತ್ರ ಕಣ್ಣಿಗೆ ಕಟ್ಟುವಂತಿರುತ್ತದೆ. ಆಮೇಲೆ ತೆನೆ ಬಲಿತು ಬಣ್ಣ ಮಾಸುತ್ತದೆ, ಕುಡುಗೋಲು ಹಿಡಿದು ಮತ್ತೆ ಜನ ಬರುತ್ತಾರೆ. ಕೊಯ್ಲಿನೊಂದಿಗೆ ಚಿತ್ರವೂ ಮುಗಿಯಿತು.

ಹಾಗಾದರೆ ಕಂಪ್ಯೂಟರಿಗೆ ಇಲ್ಲೇನು ಕೆಲಸ ಅನ್ನುತ್ತೀರಾ? 2003ರಲ್ಲಿ ಅವರು ಮೋನಾಲಿಸಾಳನ್ನು ನೆಟ್ಟರು. ನೋಡಲು ಕೋಟೆಯಾಕಾರದ ಗ್ರಾಮ ಕಚೇರಿಯ ಗೋಪುರ ಹತ್ತಿದರೆ, ಆಕೆಯ ಮೈಯ ಕೆಳಭಾಗ ಊದಿಕೊಂಡಿತ್ತು, ತಲೆ ಸಣ್ಣದಾಗಿತ್ತು. ಕಾರಣ ಸರಳ. ಗೋಪುರದಿಂದ ಗದ್ದೆ ಓರೆಯಾಗಿ ಕಾಣುತ್ತದೆ. ಹತ್ತಿರದ್ದು ದೊಡ್ಡದು, ದೂರದ್ದು ಕುಗ್ಗಿದ್ದು. ರಸ್ತೆಯ ಮೇಲೆ ‘ನಿಧಾನ’ ಎಂದು ಬರೆಯುವಾಗ ಅಕ್ಷರಗಳನ್ನು ಉದ್ದುದ್ದ ಎಳೆದಿರುತ್ತಾರೆ, ನೋಡಿದ್ದೀರಲ್ಲ? ಕಾರಿನಲ್ಲಿ ಕುಳಿತವರಿಗೆ ಅದು ಸರಿಯಾಗಿ ಕಾಣಲೆಂದು. ಗದ್ದೆಯಲ್ಲೂ ಹಾಗೆಯೇ ದೂರದ ಭಾಗವನ್ನು ಹಿಗ್ಗಿಸಬೇಕು. ಆಮೇಲಿನಿಂದ ಊರಿನ ಚಿತ್ರಕಲಾ ಶಿಕ್ಷಕರೊಬ್ಬರು ಚಿತ್ರ ಬರೆದುಕೊಡುವುದು, ಕಚೇರಿಯ ನೌಕರರು ಅದನ್ನು ಕಂಪ್ಯೂಟರಿನಲ್ಲಿ ಓರೆನೋಟಕ್ಕೆ ಹೊಂದಿಸಿ ಸಾವಿರಾರು ಚುಕ್ಕಿಗಳ ನಕ್ಷೆ ಮಾಡುವುದು, ಒಂದೊಂದು ಚುಕ್ಕಿಗೂ ಗದ್ದೆಯಲ್ಲಿ ಅಳೆದು ಗೂಟ ನೆಡುವುದು ಎಂದಾಯಿತು. ಚುಕ್ಕಿ ರಂಗೋಲಿಯೇ ಸರಿ! 2022ರಲ್ಲಿ ಅದೇ ಮೋನಾಲಿಸಾಳನ್ನು ಮತ್ತೆ ಬೆಳೆದರು. ಹತ್ತೊಂಬತ್ತು ವರ್ಷ ಕಳೆದಮೇಲೆ ಆಕೆ ಸಪೂರಳಾದಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮೋನಾಲಿಸಾ ಅಲ್ಲ, 2008ರ ಪ್ರಸಂಗ. ಆ ವರ್ಷ ಎಬಿಸು ಮತ್ತು ದಾಯಿಕೊಕು ಎಂಬ ಅದೃಷ್ಟ ದೇವತೆಗಳ ಚಿತ್ರ. (ಈ ದಾಯಿಕೊಕು ಯಾರೆಂದುಕೊಂಡಿರಿ? ನಮ್ಮ ಮಹಾಕಾಲ! ಬೌದ್ಧರ ಜೊತೆ ಜಪಾನಿಗೆ ಹೋಗಿ, ಅಲ್ಲಿ ಅಕ್ಕಿ ಮೂಟೆಗಳ ಮೇಲೆ ನಗುತ್ತ ನಿಂತುಬಿಟ್ಟ.) ಖರ್ಚಿಗೆ ಹಣ ಬೇಕಲ್ಲ, ದೇವತೆಗಳ ಕೆಳಗೆ ಒಂದು ವಿಮಾನ ಕಂಪನಿಯ ಮತ್ತು ಒಂದು ದಿನಪತ್ರಿಕೆಯ ಜಾಹೀರಾತನ್ನೂ ಪೈರಿನಲ್ಲೇ ನೆಡಿಸಿದರು. ಗದ್ದೆಯ ಒಡೆತನದವರಿಂದ ಆಕ್ಷೇಪ ಬಂತು. ಚಿತ್ರಕ್ಕೆಂದು ಕೊಟ್ಟ ನೆಲ ಜಾಹೀರಾತಿನ ಹಲಗೆಯಾಗುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ನೆಟ್ಟ ಪೈರನ್ನು ಕಿತ್ತರು. ಬೇರು ಬಿಟ್ಟ ಪೈರನ್ನು ಕೀಳುವುದು ಯಾವ ರೈತನಿಗೂ ಸುಲಭದ ಮಾತಲ್ಲ.

ಹಟ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಎಂ.ಬಿ.ಎ. ಓದುತ್ತಿರುವವರಂತೂ ನಷ್ಟದ ಲೆಕ್ಕ ಹಾಕುತ್ತೀರಿ. ನನಗೆ ಹಾಗನಿಸಲಿಲ್ಲ. ನೋಡಲು ಬರುವವರು ಹೆಚ್ಚಿದರೂ (ಮುಂದೆ ಕೆಲವು ವರ್ಷ ಮೂರು ಲಕ್ಷ ದಾಟಿದ್ದೂ ಉಂಟು) ಅವರು ಫೋಟೋ ತೆಗೆದು ಹೋಗುತ್ತಿದ್ದರೇ ಹೊರತು, ಅಕ್ಕಿ ಕೊಳ್ಳುತ್ತಿರಲಿಲ್ಲ. ಊರಿಗೆ ಬೇಕಾಗಿದ್ದದ್ದು ಆ ಅಕ್ಕಿಗೆ ಗಿರಾಕಿ. 2013ರ ಸುಮಾರಿಗೆ ಅದಕ್ಕೊಂದು ದಾರಿ ಹುಡುಕಿದರು. ಅಂಗಡಿಯಲ್ಲಿ ಸಾಮಾನಿನ ಮೇಲಿನ ಗೆರೆಗಳನ್ನು ಯಂತ್ರ ಓದುತ್ತದಲ್ಲ, ಹಾಗೆ ಗದ್ದೆಯ ಚಿತ್ರವನ್ನೇ ಮೊಬೈಲ್ ಕ್ಯಾಮೆರಾ ಗುರುತಿಸುವಂತೆ ಮಾಡಿದರು. ಗೋಪುರದ ಮೇಲೆ ನಿಂತು ಫೋನು ಹಿಡಿದರೆ ಆ ಊರಿನ ಅಕ್ಕಿ ಕೊಳ್ಳುವ ಪುಟ ತೆರೆಯುತ್ತಿತ್ತು. ಮೂಟೆ ಹೊತ್ತು ರೈಲು ಹತ್ತಬೇಕಿಲ್ಲ, ಅಕ್ಕಿ ಮನೆಗೇ ಬರುತ್ತದೆ. ‘ರೈಸ್ ಕೋಡ್’ ಎಂಬ ಈ ಯೋಜನೆಗೆ 2014ರಲ್ಲಿ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ಬಹುಮಾನವೂ ಬಂತು. ಇದೂ ಒಂದು ಜಾಹೀರಾತು ಕಂಪನಿಯವರೇ ಮಾಡಿದ್ದು, ನಿಜ. ಆದರೆ ವ್ಯತ್ಯಾಸ ನೋಡಿ: 2008ರಲ್ಲಿ ಗದ್ದೆ ಬೇರೆಯವರ ಸರಕನ್ನು ಸಾರಬೇಕಾಗಿತ್ತು, ಇಲ್ಲಿ ತನ್ನ ಮಡಿಲ ಅಕ್ಕಿಯನ್ನೇ ಸಾರಿತು. ನೆರೆಯವರ ಮದುವೆಗೆ ನಮ್ಮ ಚಪ್ಪರ ಕೊಡುವುದಕ್ಕೂ, ನಮ್ಮ ಮನೆ ಮದುವೆಗೇ ಚಪ್ಪರ ಹಾಕುವುದಕ್ಕೂ ಇರುವ ವ್ಯತ್ಯಾಸ.

ಜಪಾನಿನವರೆಗೆ ಹೋಗಲಾರದವರಿಗೆ ನಮ್ಮ ನೆರೆಯಲ್ಲೇ ಒಂದು ಉದಾಹರಣೆಯಿದೆ. ಎಂಜಿನಿಯರಾಗಿದ್ದು ಸಸ್ಯಶಾಸ್ತ್ರಕ್ಕೆ ಒಲಿದ ಪುಣೆಯ ಶ್ರೀಕಾಂತ ಇಂಗಳಹಳ್ಳೀಕರ್ ಅವರು ಸಿಂಹಗಡದ ತಪ್ಪಲಿನ ಡೋಣಜೆಯಲ್ಲಿ 2016ರಲ್ಲಿ ಗದ್ದೆಯೊಳಗೆ ಗಣಪತಿಯನ್ನು ಬೆಳೆದರು. ಹಸಿರು ಪೈರಿನ ನಡುವೆ ಕಪ್ಪು ನೇರಳೆ ಎಲೆಯ ಭತ್ತ. ಸಹ್ಯಾದ್ರಿಯ ಹೂಗಳ ಬಗ್ಗೆ ಪುಸ್ತಕ ಬರೆದವರು ಅವರೇ.

ಇನ್ನು ಬಣ್ಣದ ತಳಿಗಳಿಗೆ ನಮ್ಮ ಕನ್ನಡ ನಾಡಿಗೇನು ಬಡತನವೆ? ಮೈಸೂರು ಅರಸರ ಊಟಕ್ಕೆ ಹೆಸರಾದ, ನಸುಗೆಂಪಿನ ರಾಜಮುಡಿ; ಮಲೆನಾಡಿನ ಘಮಘಮಿಸುವ ಗಂಧಸಾಲೆ; ಕುಮಟೆಯ ಅಘನಾಶಿನಿಯ ಉಪ್ಪುನೀರಿನಲ್ಲೂ ತಲೆಯೆತ್ತಿ ನಿಲ್ಲುವ ಕಗ್ಗ. ಮಂಡ್ಯ ಜಿಲ್ಲೆಯ ಕಿರುಗಾವಲಿನ ಸೈಯದ್ ಘನಿ ಖಾನ್ ಎಂಬ ರೈತರು ಇಂಥ ನೂರಾರು ತಳಿಗಳನ್ನು ಬೆಳೆದು, ಬೀಜ ಉಳಿಸಿ, ಮನೆಯನ್ನೇ ಭತ್ತದ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನಾವು ಇಲ್ಲಿ ಪ್ರತಿ ತಿಂಗಳು ಪ್ಲಾಸ್ಟಿಕ್ ಚೀಲದ ಸೋನಾಮಸೂರಿ ತಂದು ‘ಅಕ್ಕಿ’ ಅನ್ನುತ್ತೇವೆ.

ರಜೆಗೆ ಊರಿಗೆ ಹೋದಾಗ ಅಜ್ಜನನ್ನೋ, ಚಿಕ್ಕಪ್ಪನನ್ನೋ, ಸೋದರಮಾವನನ್ನೋ ಕೇಳಿ: ನಮ್ಮ ಗದ್ದೆಯಲ್ಲಿ ಹಿಂದೆ ಯಾವ ಭತ್ತ ಹಾಕುತ್ತಿದ್ದಿರಿ? ಎಲೆ ಯಾವ ಬಣ್ಣ, ತೆನೆ ಯಾವ ಬಣ್ಣ, ಅನ್ನ ಹೇಗಾಗುತ್ತಿತ್ತು? ಗದ್ದೆ ಈಗ ಉಳಿದಿಲ್ಲವಾದರೂ ಹೆಸರು ನೆನಪಿರುತ್ತದೆ. ಫೋನಿನಲ್ಲಿ ಅವರ ಮಾತನ್ನು ಹಾಗೇ ಹಿಡಿದಿಟ್ಟುಕೊಳ್ಳಿ. ಬರೆದು ನಮ್ಮ ಸಂಘದ ವಿಳಾಸಕ್ಕೆ ಕಳಿಸಿ. ಕನ್ನಡ ಬರವಣಿಗೆ ತಪ್ಪಿದ್ದರೆ ನಾನು ತಿದ್ದಿಕೊಳ್ಳುತ್ತೇನೆ. ಬಂದ ಹೆಸರುಗಳನ್ನೆಲ್ಲ ಊರಿನ ಸಮೇತ ಇದೇ ಅಂಕಣದಲ್ಲಿ ಅಚ್ಚು ಹಾಕೋಣ.